ಹಳೆ ಮಿಲಿಟರಿ ಟ್ರಕ್ ಬಾಡಿನ ಹೊಸ ಡೀಸೆಲ್ ಚಾಸಿ ಮೇಲೆ ಕೂರಿಸೋದು ಹೇಗೆ

ಹಳೆ ಮಿಲಿಟರಿ ಟ್ರಕ್ಕಿನ ಮುಖ ಬೇಕು, ಆದ್ರೆ ಬ್ರೇಕು ಸ್ಟೇರಿಂಗು ಇಂಜಿನ್ನು ಮಾತ್ರ ಈಗಿನ ಕಾಲದ್ದಿರ್ಬೇಕು ಅನ್ನೋರಿಗೆ ಇದನ್ನ ಬರೀತಿದೀನಿ. ಉದಾಹರಣೆಗೆ ಡಾಡ್ಜ್ ಎಂ37 ತಗೊಳಿ, 1951ರಿಂದ 1968ರ ತನಕ ಅಮೆರಿಕದ ಸೈನ್ಯಕ್ಕೆ ಅಂತ ತಯಾರಾದ ಮುಕ್ಕಾಲು ಟನ್ ಗಾಡಿ. ನೋಡೋಕೆ ಎಷ್ಟು ಚೆಂದ ಅಂದ್ರೆ ಒಂದ್ಸಲ ಕಣ್ಣಿಗೆ ಬಿದ್ರೆ ಮನಸ್ಸಿಂದ ಹೋಗಲ್ಲ, ಆದ್ರೆ ಒಳಗಿರೋದು 230 ಕ್ಯೂಬಿಕ್ ಇಂಚಿನ ಪೆಟ್ರೋಲ್ ಫ್ಲಾಟ್‌ಹೆಡ್ ಇಂಜಿನ್ನು, 78 ಹಾರ್ಸ್‌ಪವರ್, ಆಕ್ಸಲ್ ರೇಶಿಯೋ 5.83, ಅಂದ್ರೆ ಕೆಸರು ಗುಡ್ಡ ಹತ್ತೋಕೆ ಮಾಡಿದ ಗೇರಿಂಗು, ಹೈವೇಲಿ ಬೇರೆ ಗಾಡಿಗಳ ಸಮಕ್ಕೆ ಓಡ್ಸೋಕೆ ಹೋದ್ರೆ ಇಂಜಿನ್ನು ಕಿರುಚ್ಕೊಳತ್ತೆ. ಬ್ರೇಕು ನಾಲ್ಕೂ ಕಡೆ ಡ್ರಮ್ಮು, ಅದೂ ಒಂದೇ ಲೈನು, ಎಲ್ಲೋ ಒಂದು ಹೋಸ್ ಒಡೆದ್ರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಯ್ತು.

ಇದಕ್ಕೆ ಎರಡು ದಾರಿ ಇದೆ. ಹಳೆ ಚಾಸಿಗೇ ಹೊಸ ಡೀಸೆಲ್ ಇಂಜಿನ್ ಹಾಕೋದು ಒಂದು, ಹಳೆ ಬಾಡಿ ಎತ್ತಿ ಹೊಸ ಚಾಸಿ ಮೇಲಿಡೋದು ಇನ್ನೊಂದು. ನಾನು ಎರಡನೇದರ ಪರ. ಯಾಕಂದ್ರೆ ಹಳೆ ಚಾಸಿಗೆ 500 ಕೆಜಿ ತೂಗೋ ಕಮ್ಮಿನ್ಸ್ ಆರು ಸಿಲಿಂಡರ್ ಕೂರಿಸಿದ ಕೂಡ್ಲೇ ಮುಂದಿನ ಪಟ್ಟಾ (ಎಲೆ ಸ್ಪ್ರಿಂಗು) ಸಾಲಲ್ಲ, ಪಟ್ಟಾ ಬದಲಾಯ್ಸಿದ್ರೆ ಬ್ರೇಕು ಸಾಲಲ್ಲ, ಬ್ರೇಕು ಮಾಡಿದ್ರೆ ಆ ಟಾರ್ಕಿಗೆ ಆಕ್ಸಲ್ ತಡ್ಕೊಳಲ್ಲ, ಒಂದಾದ್ಮೇಲೊಂದು ಬದಲಾಯ್ಸ್ತಾ ಹೋಗಿ ಕೊನೇಗೆ ಫ್ರೇಮ್ ಒಂದು ಬಿಟ್ಟು ಎಲ್ಲಾ ಹೊಸದಾಗಿರತ್ತೆ, ಆದ್ರೆ ಅದ್ಯಾವುದೂ ಒಂದಕ್ಕೊಂದು ಹೊಂದೋ ಹಾಗೆ ಯಾರೂ ಲೆಕ್ಕ ಹಾಕಿರಲ್ಲ. ಹೊಸ ಚಾಸಿಲಿ ಇಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು, ಬ್ರೇಕು, ಸ್ಟೇರಿಂಗು ಎಲ್ಲಾ ಒಂದೇ ಲೆಕ್ಕದಲ್ಲಿ ಬಂದಿರತ್ತೆ. ಆ ಲೆಕ್ಕ ಕೆಡಿಸ್ಬೇಡಿ. ಕತ್ತರಿಸೋದು, ಬಗ್ಗಿಸೋದು, ತೇಪೆ ಹಾಕೋದು ಎಷ್ಟಾಗತ್ತೋ ಅಷ್ಟೂ ತಗಡಿನ ಮೇಲಿರ್ಲಿ, ಚಾಸಿ ಮೇಲೆ ಬೇಡ. ಕೆಳಗೆ ಹೇಳೋದೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಬಾಡಿ ಆರಿಸುವಾಗ ಒಂದು ವಿನಂತಿ. ಇಂಜಿನ್ನು, ಚಾಸಿ, ಡೇಟಾ ಪ್ಲೇಟು ಎಲ್ಲಾ ಸರಿಯಾಗಿರೋ ಪೂರ್ತಿ ಗಾಡಿ ಸಿಕ್ಕಿದ್ರೆ ದಯವಿಟ್ಟು ಅದನ್ನ ಕತ್ತರಿಸ್ಬೇಡಿ, ಅದು ಇರೋ ಹಾಗೇ ರಿಪೇರಿ ಆಗ್ಬೇಕಾದ ಗಾಡಿ, ಒಂದ್ಸಲ ಕೊಯ್ದ ಮೇಲೆ ಮತ್ತೆ ಬರಲ್ಲ. ಫ್ರೇಮ್ ಮುರಿದಿರೋದು, ಇಂಜಿನ್ ಯಾರೋ ಯಾವಾಗ್ಲೋ ಬಿಚ್ಕೊಂಡು ಹೋಗಿರೋದು, ಬರೀ ಕ್ಯಾಬಿನ್ನು ಮುಂದಿನ ಮಡ್‌ಗಾರ್ಡು ಉಳಿದಿರೋದು, ಇಂಥವು ಬೇಕಾದಷ್ಟು ಬಿದ್ದಿರತ್ತೆ, ಅವಕ್ಕೆ ಈ ಕೆಲಸ ಮರುಜನ್ಮ. ಮಿಕ್ಕ ಹಳೆ ಆಕ್ಸಲ್ಲು, ಗೇರ್‌ಬಾಕ್ಸು, ಗೇಜುಗಳನ್ನ ಗುಜರಿಗೆ ಹಾಕ್ಬೇಡಿ, ಪೂರ್ತಿ ರಿಸ್ಟೋರ್ ಮಾಡೋರು ಅದಕ್ಕೇ ಹುಡುಕ್ತಿರ್ತಾರೆ.

ಗ್ರೈಂಡರ್ ಮುಟ್ಟೋ ಮುಂಚೆ ಕಾಗದ ಪತ್ರ. ಈ ಗಾಡಿ ಮುಂದೆ ರಸ್ತೇಲಿ ಯಾವ ಹೆಸರಲ್ಲಿ ಓಡತ್ತೆ, ಚಾಸಿ ನಂಬರಿನ ಲೆಕ್ಕದಲ್ಲೋ ಹಳೆ ಬಾಡಿಯ ಲೆಕ್ಕದಲ್ಲೋ, ಹೊಗೆ ಪರೀಕ್ಷೆ ಯಾವ ವರ್ಷದ ನಿಯಮದ ಪ್ರಕಾರ, ಬಾಡಿ ಬದಲಾವಣೆಗೆ ಮೊದಲೇ ಅನುಮತಿ ಬೇಕಾ, ಇದೆಲ್ಲ ಒಂದೊಂದು ಕಡೆ ಒಂದೊಂದು ಥರ ಇರತ್ತೆ. ನಿಮ್ಮ ರಿಜಿಸ್ಟ್ರೇಷನ್ ಆಫೀಸಲ್ಲಿ ಮೊದಲೇ ಕೇಳಿ, ಉತ್ತರ ಬರವಣಿಗೇಲೇ ತಗೊಳಿ. ಚಾಸಿ ಮೇಲೆ ಹೊಡೆದಿರೋ ನಂಬರ್ ಹತ್ರ ವೆಲ್ಡಿಂಗು, ಉಜ್ಜೋದು, ದಪ್ಪಕ್ಕೆ ಪೇಂಟ್ ಬಳಿಯೋದು ಯಾವುದೂ ಬೇಡ. ಎರಡೂ ಗಾಡಿಯ ನಂಬರು, ಪ್ಲೇಟು, ಖರೀದಿ ರಸೀದಿ ಫೋಟೋ ತೆಗೆದಿಡಿ, ಪ್ರತಿ ಹಂತದಲ್ಲೂ ಫೋಟೋ ತೆಗೀತಾ ಹೋಗಿ, ಮುಂದೆ ಇನ್‌ಸ್ಪೆಕ್ಷನ್ ಮಾಡೋರಿಗೆ ಒಳಗೆ ಏನಿದೆ ಅಂತ ತೋರ್ಸೋಕೆ ಬೇರೆ ದಾರಿ ಇರಲ್ಲ.

ಈಗ ಚಾಸಿ ಆರಿಸೋ ವಿಷಯ, ಇಲ್ಲಿ ತಪ್ಪಿದ್ರೆ ಆಮೇಲೆ ಎಷ್ಟು ಒಳ್ಳೆ ಟಿಂಕರ್ ಇದ್ರೂ ಗಾಡಿ ನೋಡೋಕೆ ವಿಚಿತ್ರವಾಗೇ ಇರತ್ತೆ. ಮೊದಲು ನೋಡ್ಬೇಕಾದ್ದು ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ. ಎಂ37ದು 112 ಇಂಚು. ಇದಕ್ಕೆ ಜಾಸ್ತಿ ಜನ ಹುಡುಕೋ ಡೋನರ್ (ಚಾಸಿ ಕೊಡೋ ಗಾಡಿ) ಅಂದ್ರೆ 1994ರಿಂದ 2002ರ ನಡುವಿನ ಡಾಡ್ಜ್ ರ‍್ಯಾಮ್ 2500 ಫೋರ್ ಬೈ ಫೋರ್, ಅದರ ಎರಡು ಬಾಗಿಲಿನ ಉದ್ದ ಬೆಡ್ಡಿನ ಗಾಡಿಯ ವೀಲ್‌ಬೇಸ್ 134.7 ಇಂಚು. ಅಂದ್ರೆ ವ್ಯತ್ಯಾಸ ಹೆಚ್ಚು ಕಮ್ಮಿ 58 ಸೆಂಟಿಮೀಟರ್. ಇದನ್ನ ಎರಡು ಥರ ಸರಿ ಮಾಡ್ಬಹುದು, ಒಂದೋ ಚಾಸಿ ಗಿಡ್ಡ ಮಾಡೋದು, ಇಲ್ಲಾ ಹಿಂದಿನ ಬೆಡ್ಡನ್ನ ಉದ್ದ ಮಾಡಿ ಚಾಸಿ ಹಾಗೇ ಬಿಡೋದು. ಬೆಡ್ಡು ಅಂದ್ರೆ ಚಪ್ಪಟೆ ತಗಡಿನ ಡಬ್ಬಿ ಅಷ್ಟೇ, ಅದನ್ನ ಉದ್ದ ಮಾಡೋದು ಚಾಸಿ ಕತ್ತರಿಸೋದಕ್ಕಿಂತ ಎಷ್ಟೋ ಸುಲಭ, ಅಪಾಯಾನೂ ಇಲ್ಲ. ಉದ್ದ ವೀಲ್‌ಬೇಸ್ ಇದ್ರೆ ಹೈವೇಲಿ ನೇರ ಓಡತ್ತೆ, ಹಿಂದಿನ ಪ್ರಯಾಣಿಕರಿಗೆ ಎತ್ತಾಕೋದೂ ಕಮ್ಮಿ. ಕಾಡು ಮೇಡಲ್ಲಿ ತಿರುಗ್ಸೋ ಗಾಡಿ ಬೇಕು, ಸೈನ್ಯದ ಗಾಡಿಯ ಅದೇ ಪ್ರಮಾಣಾನೇ ಬೇಕು ಅಂತಿದ್ರೆ ಮಾತ್ರ ಗಿಡ್ಡ ಮಾಡೋ ಕಡೆ ಹೋಗಿ.

ಇಂಜಿನ್ ವಿಷಯದಲ್ಲಿ ಕಮ್ಮಿನ್ಸ್ 5.9 ಲೀಟರ್ ಯಾಕೆ ಎಲ್ಲರಿಗೂ ಇಷ್ಟ ಅಂದ್ರೆ 1989ರಿಂದ 1998ರ ತನಕ ಡಾಡ್ಜ್‌ನಲ್ಲಿ ಬಂದ 12 ವಾಲ್ವ್ ಇಂಜಿನ್ನು ಪೂರ್ತಿ ಮೆಕ್ಯಾನಿಕಲ್. ಓಡೋಕೆ ಕಂಪ್ಯೂಟರ್ ಬೇಡ, ಸ್ಟಾರ್ಟ್ ಮಾಡೋಕೆ ಸೆಲ್ಫು, ಡೀಸೆಲ್ ಬಿಡೋ ಸಾಲಿನಾಯ್ಡಿಗೆ ಕರೆಂಟು, ಇಷ್ಟಿದ್ರೆ ಆಯ್ತು. 1994ರ ನಂತರದವಕ್ಕೆ ಪಿ7100 ಅನ್ನೋ ಡೀಸೆಲ್ ಪಂಪು, ಅದಕ್ಕೂ ಮುಂಚೆ ವಿಇ ಪಂಪು, ಎರಡೂ ಬಾಷ್. 1998ರ ಮಧ್ಯದಿಂದ 24 ವಾಲ್ವ್ ಬಂತು, ಪಂಪಿಗೆ ಎಲೆಕ್ಟ್ರಾನಿಕ್ಸ್ ಬಂತು, 2003ರಿಂದ ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸೋ ಕಾಮನ್ ರೈಲು. ಹೊಸದಾದಷ್ಟೂ ಶಬ್ದ ಹೊಗೆ ಎರಡೂ ಕಮ್ಮಿ, ಪವರ್ ಜಾಸ್ತಿ, ಆದ್ರೆ ವೈರಿಂಗ್ ಕೆಲಸ ಡಬಲ್ ತ್ರಿಬಲ್. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್), ಹೊಗೆ ಶುದ್ಧ ಮಾಡೋ ಯೂರಿಯಾ ಟ್ಯಾಂಕ್ ಇರೋ ಚಾಸಿ ತಗೊಂಡ್ರೆ ಅವನ್ನೆಲ್ಲ ಹಾಗೇ ಉಳಿಸ್ಕೊಂಡೇ ಕೂರಿಸ್ಬೇಕು, ಜಾಗ ಇಲ್ಲ ಅಂತ ಕಿತ್ತು ಬಿಸಾಕೋದು ಕಾನೂನಿಗೂ ಸರಿಯಲ್ಲ, ಇಂಜಿನ್ನೂ ಒಪ್ಪಲ್ಲ. ಜೊತೆಗೆ ಈ ಇಂಜಿನ್ನು ಸಾಲಾಗಿ ಆರು ಸಿಲಿಂಡರ್ ಆಗಿರೋದ್ರಿಂದ ಅಗಲ ಕಮ್ಮಿ, ಹಳೆ ಮಿಲಿಟರಿ ಬಾನೆಟ್ಟು ಕಿರಿದಾಗಿರತ್ತಲ್ಲ, ಅಲ್ಲಿ ವಿ8ಗಿಂತ ಇದೇ ಚೆನ್ನಾಗಿ ಕೂತ್ಕೊಳೋದು. ಉದ್ದ ಎತ್ತರ ಮಾತ್ರ ಜಾಸ್ತಿ, ಅದರ ಬಗ್ಗೆ ಮುಂದೆ ಹೇಳ್ತೀನಿ.

ಡೋನರ್ ಗಾಡಿನ ಬಿಚ್ಚೋ ಮುಂಚೆ ಚೆನ್ನಾಗಿ ಓಡ್ಸಿ. ಬಿಸಿ ಆಗ್ಲಿ, ಲೋಡ್ ಹಾಕಿ, ಫೋರ್ ವೀಲ್ ಹಾಕಿ, ಗಟ್ಟಿ ಬ್ರೇಕ್ ಹಿಡೀರಿ, ಎಸಿ ಹಾಕಿ, ಎಲ್ಲಾ ಲೈಟ್ ನೋಡಿ. ಯಾವ ಕಾಯಿಲೆ ಇದೆ ಅಂತ ಈಗಲೇ ಬರ್ಕೊಳಿ, ಬಾಡಿ ಬದಲಾದ ಮೇಲೆ ಒಂದು ಶಬ್ದ ಬಂತು ಅಂದ್ರೆ ಅದು ಮೊದಲೇ ಇತ್ತಾ ನಾವು ಮಾಡಿದ್ದಾ ಅಂತ ಗೊತ್ತಾಗ್ಬೇಕಲ್ಲ. ಬಿಚ್ಚುವಾಗ ವೈರಿಂಗ್‌ನ ಒಂದು ಕಡೆನೂ ಕತ್ತರಿಸ್ಬೇಡಿ, ಪ್ರತಿ ಕನೆಕ್ಟರಿಗೂ ಎರಡೂ ತುದೀಲಿ ಬಿಳಿ ಟೇಪ್ ಸುತ್ತಿ ಹೆಸರು ಬರೀರಿ, ಪೂರ್ತಿ ಹಾರ್ನೆಸ್ ಡ್ಯಾಶ್‌ಬೋರ್ಡ್ ಸಮೇತ ಒಂದೇ ತುಂಡಾಗಿ ಹೊರಗೆ ಬರ್ಲಿ. ಏರ್‌ಬ್ಯಾಗ್ ಇದ್ರೆ ಮೊದಲು ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಮುಟ್ಟಿ.

ಅಳತೆಗೆ ಎಷ್ಟು ಟೈಮ್ ಕೊಟ್ರೂ ಕಮ್ಮೀನೇ. ಚಾಸಿನ ಸಮತಟ್ಟು ನೆಲದ ಮೇಲೆ ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಸಿ, ಆದ್ರೆ ಸ್ಟ್ಯಾಂಡು ಆಕ್ಸಲ್ ಕೆಳಗಿರ್ಲಿ, ಫ್ರೇಮ್ ಕೆಳಗಲ್ಲ, ಆಗ ಸಸ್ಪೆನ್ಷನ್ ಗಾಡಿ ನಿಂತಾಗ ಹೇಗಿರತ್ತೋ ಹಾಗೇ ಕೂತಿರತ್ತೆ. ಬಾಡಿ ತೆಗೆದ ಮೇಲೆ ಸ್ಪ್ರಿಂಗು ಮೇಲೆದ್ದಿರತ್ತೆ ಅನ್ನೋದು ನೆನಪಿರ್ಲಿ, ಬಾಡಿ ತೂಕಕ್ಕೆ ಸಮ ಮರಳು ಮೂಟೆ ಇಟ್ಟು ಅಳತೆ ತಗೊಳಿ. ಮೇಲೆ ರಸಮಟ್ಟ ಇಟ್ಟು, ಚಾಸಿಯ ನಡುಗೆರೆ ಹುಡುಕಿ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಎರಡೂ ಆಕ್ಸಲ್ಲಿನ ಮಧ್ಯ, ಇಂಜಿನ್ನಿನ ಹಿಂಭಾಗ, ಫ್ಯಾನು, ಸ್ಟೇರಿಂಗ್ ಬಾಕ್ಸು, ಗೇರ್ ಲಿವರ್, ಎಲ್ಲಾ ಆ ನೆಲದ ಮೇಲೇ ಗುರ್ತು ಹಾಕಿ. ಇನ್ನೊಂದು ಕಡೆ ಹಳೆ ಬಾಡಿಗೂ ಇದೇ ಥರ, ಮುಂದಿನ ಮಡ್‌ಗಾರ್ಡಿನ ಕಮಾನಿನ ಮಧ್ಯದಿಂದ ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಗೆ, ಅಂದ್ರೆ ಫೈರ್‌ವಾಲ್‌ಗೆ ಎಷ್ಟು, ಫೈರ್‌ವಾಲಿಂದ ಸೀಟಿಗೆ ಎಷ್ಟು, ಗ್ರಿಲ್ಲಿಂದ ಫೈರ್‌ವಾಲ್‌ಗೆ ಎಷ್ಟು.

ಈ ಎಲ್ಲಾ ಅಳತೇಲಿ ರಾಜ ಒಂದೇ, ಮುಂದಿನ ಚಕ್ರ ಮಡ್‌ಗಾರ್ಡಿನ ಕಮಾನಿನ ಸರೀ ಮಧ್ಯಕ್ಕೆ ಬರ್ಬೇಕು. ಇದು ಎರಡು ಇಂಚು ಹಿಂದೆ ಮುಂದೆ ಆದ್ರೂ ಗಾಡಿಗಳ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಏನೋ ಸರಿ ಇಲ್ಲ ಅನ್ಸತ್ತೆ. ಹಾಗಾಗಿ ಬಾಡಿನ ಮೊದಲು ಇಲ್ಲಿ ಲಾಕ್ ಮಾಡ್ಕೊಳಿ, ಮಿಕ್ಕಿದ್ದೆಲ್ಲ ಅದಕ್ಕೆ ಹೊಂದ್ಕೊಳ್ಲಿ. ಈಗ ಸಮಸ್ಯೆ ಎಲ್ಲಿ ಬರತ್ತೆ ಅಂದ್ರೆ ಈಗಿನ ಪಿಕಪ್‌ಗಳಲ್ಲಿ ಇಂಜಿನ್ನಿನ ಹಿಂಭಾಗ ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿರತ್ತೆ, ಹಳೆ ಗಾಡಿಯ ಫೈರ್‌ವಾಲು ಚಪ್ಪಟೆ ಗೋಡೆ ಥರ. ಚಕ್ರ ಮಧ್ಯಕ್ಕೆ ತಂದ ಕೂಡ್ಲೇ ಇಂಜಿನ್ನು ಫೈರ್‌ವಾಲಿಗೆ ಬಂದು ಹೊಡೆಯತ್ತೆ. ಆಗ ಇಂಜಿನ್ ಮುಂದಕ್ಕೆ ತಳ್ಳೋ ಯೋಚನೆ ಬರತ್ತೆ, ಬೇಡ. ಫೈರ್‌ವಾಲ್‌ನೇ ಕತ್ತರಿಸಿ ಒಳಕ್ಕೆ ಗೂಡು ಮಾಡಿ. ಇಂಜಿನ್ ಸರಿಸಿದ್ರೆ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು (ಪವರನ್ನ ಎರಡೂ ಆಕ್ಸಲ್ಲಿಗೆ ಹಂಚೋ ಡಬ್ಬಿ), ಎರಡೂ ಜಾಯಿಂಟ್ ಶಾಫ್ಟು, ಸೈಲೆನ್ಸರು ಎಲ್ಲಾ ಸರೀಬೇಕು.

ಕಾಗದದ ಮೇಲೆ ಎಷ್ಟೇ ಲೆಕ್ಕ ಹಾಕಿದ್ರೂ ಒಂದ್ಸಲ ಬಾಡಿನ ಕ್ರೇನಲ್ಲೋ ಚೈನ್ ಪುಲ್ಲಿಲೋ ಎತ್ತಿ ಮರದ ದಿಮ್ಮಿ ಮೇಲೆ ಸುಮ್ನೆ ಕೂರಿಸಿ ನೋಡ್ಲೇಬೇಕು. ಬಾನೆಟ್ಟು, ಗ್ರಿಲ್ಲು, ಮಡ್‌ಗಾರ್ಡು ಎಲ್ಲಾ ಜೋಡಿಸಿ, ನಿಜವಾಗ್ಲೂ ಹಾಕೋ ಟಯರನ್ನೇ ಹಾಕಿ, ದೂರ ನಿಂತು ಎಲ್ಲಾ ಕಡೆಯಿಂದ ನೋಡಿ. ಎತ್ತರ ನಿರ್ಧಾರ ಮಾಡೋದು ಇಲ್ಲೇ. ಜಾಸ್ತಿ ಎತ್ತರ ಕೂರಿಸಿದ್ರೆ ಕೆಲಸ ಸುಲಭ, ಎಲ್ಲಾ ಜಾಗ ಸಿಗತ್ತೆ, ಆದ್ರೆ ಚಾಸಿ ಕೆಳಗೆ ಇಣುಕ್ತಾ ಇರತ್ತೆ, ಬಾಡಿ ತೇಲ್ತಾ ಇರತ್ತೆ, ಗುರುತ್ವ ಕೇಂದ್ರಾನೂ ಮೇಲೆ ಹೋಗತ್ತೆ. ಚಾಸಿ ಕಂಬಿ ರನ್ನಿಂಗ್ ಬೋರ್ಡಿನ ಹಿಂದೆ ಮರೆಯಾಗೋವಷ್ಟು ಇಳಿಸಿ, ಅದಕ್ಕೆ ನೆಲದ ತಗಡು ಕತ್ತರಿಸ್ಬೇಕಾದ್ರೆ ಕತ್ತರಿಸಿ. ಹೊಸ ಚಾಸಿಯ ಆಕ್ಸಲ್ ಹಳೇದಕ್ಕಿಂತ ಅಗಲ ಇರೋದ್ರಿಂದ ಚಕ್ರ ಹೊರಗೆ ಚಾಚ್ಕೊಂಡಿರತ್ತೆ, ಅದಕ್ಕೆ ಆಫ್‌ಸೆಟ್ ಬೇರೆ ಇರೋ ರಿಮ್ ಹುಡುಕ್ಬಹುದು, ಇಲ್ಲಾ ಮಡ್‌ಗಾರ್ಡನ್ನ ಉದ್ದುದ್ದ ಸೀಳಿ ಮಧ್ಯೆ ಪಟ್ಟಿ ಸೇರಿಸಿ ಅಗಲ ಮಾಡ್ಬಹುದು. ಎರಡನೇದು ಕಷ್ಟದ ಕೆಲಸ, ಆದ್ರೆ ಚೆನ್ನಾಗಿ ಮಾಡಿದ್ರೆ ಕಂಪನೀಲೇ ಹಾಗೆ ಬಂದಿತ್ತೇನೋ ಅನ್ನೋ ಥರ ಕಾಣತ್ತೆ.

ಚಾಸಿ ಗಿಡ್ಡ ಮಾಡ್ಲೇಬೇಕು ಅಂತಿದ್ರೆ ಕ್ಯಾಬ್ ಚಾಸಿ ಅಂತ ಬರತ್ತಲ್ಲ, ಹಿಂದೆ ಬೆಡ್ ಇಲ್ಲದೆ ಬರೋ ಕೆಲಸದ ಗಾಡಿ, ಅದನ್ನ ಹುಡುಕಿ. ಅದರಲ್ಲಿ ಕ್ಯಾಬಿನ್ ಹಿಂದೆ ಕಂಬಿಗಳು ಸಾಮಾನ್ಯವಾಗಿ 34 ಇಂಚು ಅಗಲದಲ್ಲಿ ನೇರ, ಸಮಾನಾಂತರವಾಗಿ ಹೋಗಿರತ್ತೆ. ಹಾಗಿದ್ರೆ ಚಾಸಿ ಮಧ್ಯೆ ಕತ್ತರಿಸೋದೇ ಬೇಡ, ಪಟ್ಟಾ ಹ್ಯಾಂಗರುಗಳ ರಿವೆಟ್ ಕೊರೆದು ತೆಗೆದು, ಆಕ್ಸಲ್‌ನೇ ಮುಂದಕ್ಕೆ ತಂದು, 10.9 ಗ್ರೇಡ್ ಬೋಲ್ಟಲ್ಲಿ ಬಿಗಿದು, ಹಿಂದೆ ಉಳಿದ ಬಾಲ ಕತ್ತರಿಸಿದ್ರೆ ಆಯ್ತು. ತೂತು ಬೋಲ್ಟಿಗೆ ಬಿಗಿಯಾಗಿರ್ಲಿ, ಕಂಬಿಯ ನಿಂತ ಗೋಡೇಲಿ ಮಾತ್ರ ಕೊರೀರಿ, ಮೇಲಿನ ಕೆಳಗಿನ ಅಂಚಿನ ಪಟ್ಟೀಲಿ ಯಾವತ್ತೂ ಕೊರೀಬೇಡಿ, ಲೋಡ್ ಬಿದ್ದಾಗ ಎಳೆತ ಪೂರ್ತಿ ಅಲ್ಲೇ ಇರತ್ತೆ, ಬಿರುಕು ಅಲ್ಲಿಂದಲೇ ಶುರು.

ಮಾಮೂಲಿ ಪಿಕಪ್ ಚಾಸಿ ಹಿಂದಿನ ಆಕ್ಸಲ್ ಮೇಲೆ ಕಮಾನಿನ ಥರ ಎದ್ದಿರೋದ್ರಿಂದ ಆಕ್ಸಲ್ ಮುಂದಕ್ಕೆ ತರೋಕಾಗಲ್ಲ, ನಡುವೆ ಕತ್ತರಿಸ್ಲೇಬೇಕು. ಇದು ನಿಮಗೆ ದಿನಾ ಮಾಡೋ ಕೆಲಸ ಅಲ್ಲ ಅಂದ್ರೆ ಫ್ರೇಮ್ ಕೆಲಸಾನೇ ಮಾಡೋ ಅಂಗಡಿಗೆ ಕೊಡಿ. ಅವರು ಮಾಡುವಾಗ್ಲೂ ಏನು ನಡೀತಿದೆ ಅಂತ ಗೊತ್ತಿರ್ಲಿ: ಮೊದಲು ಕತ್ತರಿಸೋ ಜಾಗದ ಎರಡೂ ಕಡೆ ಪಂಚ್ ಗುರ್ತು, ಮೂಲೆಯಿಂದ ಮೂಲೆಗೆ ಅಳತೆ, ಕಂಬಿಗಳ ನಡುವೆ ತಾತ್ಕಾಲಿಕ ಅಡ್ಡ ಪಟ್ಟಿ. ಸೀಳು ನೇರ ನಿಂತ ಗೆರೇಲಿ ಇರ್ಬಾರ್ದು, ಓರೆಯಾಗೋ ಮೆಟ್ಟಿಲಿನ ಆಕಾರದಲ್ಲೋ ಇರ್ಬೇಕು, ಆಗ ಮೇಲಿನ ಬೆಸುಗೆ ಕೆಳಗಿನ ಬೆಸುಗೆ ಒಂದೇ ಜಾಗಕ್ಕೆ ಬರಲ್ಲ. ಒಳಗೆ ಅದೇ ದಪ್ಪದ ಚಾನೆಲ್ ಕೂರಿಸಿ ತೂತುಗಳ ಮೂಲಕ ಪ್ಲಗ್ ವೆಲ್ಡು, ಅದರ ತುದಿಗಳೂ ಓರೆ. ಹೀಟ್ ಟ್ರೀಟ್ ಮಾಡಿದ ಫ್ರೇಮ್ ಅಂತ ಸ್ಟಿಕರ್ ಇದ್ರೆ ವೆಲ್ಡಿಂಗು ಅಲ್ಲಿಗೇ ನಿಲ್ಸಿ, ಬಿಸಿ ತಾಗಿದ ಜಾಗ ಮೆತ್ತಗಾಗಿಬಿಡತ್ತೆ, ಅಂಥಾ ಚಾಸಿಗೆ ಬೋಲ್ಟ್ ಕೆಲಸ ಒಂದೇ ದಾರಿ. ಚಾಸಿ ಗಿಡ್ಡ ಆದ್ರೆ ಡೀಸೆಲ್ ಟ್ಯಾಂಕಿಗೂ ಜಾಗ ಹೋಗತ್ತೆ, ಅದನ್ನ ಎಲ್ಲಿಡ್ತೀರಿ ಅಂತ ಮೊದಲೇ ಯೋಚಿಸಿ. ಹಳೆ ಮಿಲಿಟರಿ ಪೆಟ್ರೋಲ್ ಟ್ಯಾಂಕ್ ಬಳಸೋ ಆಸೆ ಬೇಡ, ಒಳಗಿನ ತುಕ್ಕು ಇಂಜೆಕ್ಟರಿಗೆ ವಿಷ, ರಿಟರ್ನ್ ಲೈನಿಗೆ ತೂತೂ ಇರಲ್ಲ.

ಜಾಯಿಂಟ್ ಶಾಫ್ಟ್ ಹೊಸ ಉದ್ದಕ್ಕೆ ಮಾಡಿಸಿ ಬ್ಯಾಲೆನ್ಸ್ ಮಾಡಿಸ್ಬೇಕು. ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜು, ಆಕ್ಸಲ್ಲಿನ ಪಿನಿಯನ್ನು ಒಂದಕ್ಕೊಂದು ಸಮಾನಾಂತರ ಇರ್ಬೇಕು, ಕ್ರಾಸಿನ (ಶಾಫ್ಟು ಬಾಗೋಕೆ ಬಿಡೋ ಯೂನಿವರ್ಸಲ್ ಜಾಯಿಂಟಿನ) ಕೋನ 3 ಡಿಗ್ರಿ ಆಸುಪಾಸು ಇದ್ರೆ ನಡುಕ ಬರಲ್ಲ.

ಈಗ ಬಾಡಿ ಮೌಂಟು, ನನ್ನ ಪ್ರಕಾರ ಈ ಇಡೀ ಕೆಲಸದ ಹೃದಯ ಇದೇ. ಚಾಸಿ ಓಡುವಾಗ ತಿರುಚತ್ತೆ, ಒಂದು ಚಕ್ರ ಗುಂಡಿಗೆ ಇಳಿದ್ರೆ ಮೂಲೆ ಮೂಲೆ ಬೇರೆ ಬೇರೆ ಎತ್ತರಕ್ಕೆ ಹೋಗತ್ತೆ, ಬಾಡಿಗೆ ಆ ತಿರುಚು ಹೋಗ್ಬಾರ್ದು. ಕಬ್ಬಿಣದ ಮೇಲೆ ಕಬ್ಬಿಣ ಬೋಲ್ಟ್ ಮಾಡಿದ್ರೆ ಸ್ವಲ್ಪ ದಿನದಲ್ಲೇ ಕ್ಯಾಬಿನ್ ಮೂಲೇಲಿ ಬಿರುಕು, ಬಾಗಿಲು ಹಾಕೋಕೆ ಬರಲ್ಲ, ಗಾಜಿನ ಫ್ರೇಮ್ ಸೀಳತ್ತೆ. ಡೋನರ್ ಚಾಸಿಯ ಮೂಲ ರಬ್ಬರ್ ಮೌಂಟುಗಳನ್ನೇ ಬಳಸಿ, ಅವು ಇರೋ ಜಾಗದಿಂದ ಹಳೆ ಕ್ಯಾಬಿನ್ ಕೆಳಗೆ 5-6 ಎಂಎಂ ಪ್ಲೇಟಲ್ಲಿ ಬ್ರಾಕೆಟ್ ಕಟ್ಟಿ. ಹೊಸ ಬ್ರಾಕೆಟ್ ಚಾಸಿಗೆ ಬೇಕೇ ಬೇಕು ಅಂದ್ರೆ ನಿಂತ ಗೋಡೆಗೆ ಬೋಲ್ಟ್ ಮಾಡಿ. ಹಳೆ ಕ್ಯಾಬಿನ್ ನೆಲದ ತಗಡು ತೆಳು, ಅದಕ್ಕೇ ನೇರವಾಗಿ ಬೋಲ್ಟ್ ಹಾಕಿದ್ರೆ ಹರ್ಕೊಂಡು ಬರತ್ತೆ, ಹಾಗಾಗಿ ಕ್ಯಾಬಿನ್ ಕೆಳಗೆ ಚೌಕ ಟ್ಯೂಬಿನದೊಂದು ಸಣ್ಣ ಫ್ರೇಮ್ ಮಾಡಿ, ನೆಲ, ಬಾಗಿಲ ಕಂಬ, ಫೈರ್‌ವಾಲ್ ಬುಡ ಮೂರನ್ನೂ ಅದಕ್ಕೆ ಸೇರಿಸಿ, ಮೌಂಟ್ ಆ ಫ್ರೇಮಿಗೆ ಬರ್ಲಿ.

ರಬ್ಬರ್ ಬುಷ್ ಒಳಗೆ ಒಂದು ಕಬ್ಬಿಣದ ಕೊಳವೆ ಬರತ್ತೆ, ಸಣ್ಣದು, ಹಳೆ ಗಾಡಿ ಬಿಚ್ಚುವಾಗ ಎಷ್ಟೋ ಸಲ ಕಳ್ದೇ ಹೋಗಿರತ್ತೆ, ಆದ್ರೆ ಅದಿಲ್ಲದೆ ಈ ಮೌಂಟ್ ಕೆಲಸಾನೇ ಮಾಡಲ್ಲ. ಬೋಲ್ಟ್ ಬಿಗಿದಾಗ ಒತ್ತಡ ಕೊಳವೆ ಮೇಲೆ ನಿಲ್ಲತ್ತೆ, ರಬ್ಬರ್ ಅಪ್ಪಚ್ಚಿ ಆಗಲ್ಲ, ಅಲ್ಲಾಡೋಕೆ ಅದಕ್ಕೆ ಉಸಿರಿರತ್ತೆ. ಕೊಳವೆ ಇಲ್ಲ ಅಂದ್ರೆ ಎಷ್ಟು ಬಿಗಿದ್ರೂ ಬಿಗೀತಾನೇ ಹೋಗತ್ತೆ, ರಬ್ಬರ್ ಪಕ್ಕಕ್ಕೆ ಉಬ್ಬಿ ಬರತ್ತೆ, ಆಮೇಲೆ ಅದು ರಬ್ಬರ್ ಮೌಂಟ್ ಅಲ್ಲ. ಕೊಳವೆ ಉದ್ದ, ಬಿಗಿದ ಮೇಲೆ ರಬ್ಬರ್ ಸ್ವಲ್ಪ ಮಾತ್ರ ಒತ್ತೋ ಹಾಗೆ ಕತ್ತರಿಸ್ಕೊಳಿ, ಮೇಲೆ ಕೆಳಗೆ ದೊಡ್ಡ ದಪ್ಪ ವಾಷರ್.

ಎಲ್ಲಾ ಬ್ರಾಕೆಟ್ಟನ್ನೂ ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಮಾತ್ರ ಮಾಡಿ. ಬಾಗಿಲು ಹಾಕಿ, ಕ್ಯಾಬಿನ್ ಒಳಗೆ ಇಬ್ಬರು ಕೂತು, ಬಾಗಿಲ ಸುತ್ತ ಸಂದು ಒಂದೇ ಥರ ಇದೆಯಾ ನೋಡಿ, ಒಂದು ಮುಂದಿನ ಚಕ್ರ ಜಾಕಲ್ಲಿ ಎತ್ತಿ ಮತ್ತೆ ನೋಡಿ. ಸಂದು ಬದಲಾಗ್ತಿದ್ರೆ ಯಾವ್ದೋ ಮೌಂಟ್ ಬಾಡಿನ ಎಳೀತಿದೆ. ಸರಿ ಅನ್ಸಿದ ಮೇಲೇ ಪೂರ್ತಿ ಬೆಸುಗೆ, ಅದೂ ಸ್ವಲ್ಪ ಸ್ವಲ್ಪ, ಆ ಕಡೆ ಈ ಕಡೆ ಬದಲಾಯಿಸ್ತಾ. ಕ್ಯಾಬಿನ್ ನೆಲ ಕತ್ತರಿಸೋ ಮುಂಚೆ ಬಾಗಿಲ ಬಾಯಿಗೆ ಅಡ್ಡ ಕಂಬಿ ವೆಲ್ಡ್ ಮಾಡಿರ್ಬೇಕು, ಇಲ್ಲಾಂದ್ರೆ ನೆಲ ಹೋದ ಕೂಡ್ಲೇ ಕ್ಯಾಬಿನ್ನು ಕಾಲು ಅಗಲಿಸಿಬಿಡತ್ತೆ. ಕ್ಯಾಬಿನ್ನಿಗೂ ಬೆಡ್ಡಿಗೂ ಮಧ್ಯೆ 40-50 ಎಂಎಂ ಬಿಡಿ, ಎರಡನ್ನೂ ಯಾವುದರಲ್ಲೂ ಒಂದಕ್ಕೊಂದು ಕಟ್ಬೇಡಿ. ಗ್ರಿಲ್ಲು ರೇಡಿಯೇಟರ್ ಸೆಟ್ಟಿಗೆ ಬೇರೆ ಮೌಂಟು.

ಟಿಂಕರ್ ಕೆಲಸ ಶುರು ಮಾಡೋ ಮುಂಚೆ ಆರೋಗ್ಯದ ಮಾತು, ಇದನ್ನ ಹಗುರವಾಗಿ ತಗೋಬೇಡಿ. ಹಳೆ ಮಿಲಿಟರಿ ಪೇಂಟಲ್ಲಿ ಸೀಸ, ಕ್ರೋಮೇಟ್ ಇರತ್ತೆ, ಒಣ ಉಜ್ಜಿ ಧೂಳು ಕುಡೀಬೇಡಿ, ಸರಿಯಾದ ಮಾಸ್ಕ್ ಇರ್ಲಿ. ಹಳೆ ಬ್ರೇಕ್ ಲೈನಿಂಗು, ಗ್ಯಾಸ್ಕೆಟ್ಟಲ್ಲಿ ಆಸ್ಬೆಸ್ಟಾಸ್ ಇರ್ಬಹುದು, ಏರ್ ಹೊಡೆದು ಕ್ಲೀನ್ ಮಾಡ್ಬೇಡಿ. ಎರಡನೇ ಮಹಾಯುದ್ಧದ ಕಾಲದ ಗೇಜುಗಳಲ್ಲಿ ಕತ್ತಲಲ್ಲಿ ಹೊಳೀಲಿ ಅಂತ ರೇಡಿಯಂ ಪೇಂಟ್ ಹಾಕಿರ್ತಿದ್ರು, ಈಗ ಹೊಳೀದೇ ಇದ್ರೂ ವಿಕಿರಣ ಇದ್ದೇ ಇರತ್ತೆ, ಅಂಥಾ ಗೇಜಿನ ಗಾಜು ತೆಗೆದು ಮುಳ್ಳು ಕೆರೆಯೋ ಕೆಲಸ ಖಂಡಿತ ಬೇಡ. ಇನ್ನೊಂದು, ಕ್ಲೋರಿನ್ ಇರೋ ಬ್ರೇಕ್ ಕ್ಲೀನರಿಂದ ಒರೆಸಿದ ಜಾಗಕ್ಕೆ ವೆಲ್ಡಿಂಗ್ ಬಿಸಿ ತಾಗಿದ್ರೆ ಫಾಸ್ಜೀನ್ ಅನ್ನೋ ಪ್ರಾಣಾಂತಕ ಗ್ಯಾಸ್ ಹುಟ್ಟತ್ತೆ. ವೆಲ್ಡ್ ಮಾಡೋ ಜಾಗ ಅಸಿಟೋನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೇ ಶುರು ಮಾಡಿ. ತೆಳು ತಗಡಿಗೆ ಮರಳು ಬ್ಲಾಸ್ಟ್ ಜೋರಾಗಿ ಹೊಡೆದ್ರೆ ಅಲೆ ಅಲೆಯಾಗಿ ಸೊಟ್ಟ ಆಗತ್ತೆ, ಬಾನೆಟ್ಟು ಬಾಗಿಲಿಗೆ ಸೋಡಾ ಬ್ಲಾಸ್ಟೋ ಕೆಮಿಕಲ್ಲೋ ಸಾಕು.

ಫೈರ್‌ವಾಲ್ ವಿಷಯಕ್ಕೆ ಬರೋಣ. ಡೋನರ್ ಗಾಡಿಯ ಫೈರ್‌ವಾಲ್ ಮಧ್ಯಭಾಗನ ಪೆಡಲ್ಲು, ಬ್ರೇಕ್ ಬೂಸ್ಟರು, ಸ್ಟೇರಿಂಗ್ ಕಾಲಮ್ಮು ಇರೋ ಜಾಗ ಸಮೇತ ಕತ್ತರಿಸಿ ಹಳೆ ಕ್ಯಾಬಿನ್ನಿಗೆ ಸೇರಿಸೋದು ಒಳ್ಳೆ ಉಪಾಯ, ಆ ಎಲ್ಲಾ ಭಾಗದ ಕೋನ, ದೂರ ಕಂಪನಿ ಇಟ್ಟ ಹಾಗೇ ಉಳಿಯತ್ತೆ. ಆದ್ರೆ ಹಳೆ ಕ್ಯಾಬಿನ್ ಕಿರಿದು, ಪೂರ್ತಿ ಅಗಲ ಹಿಡಿಸಲ್ಲ, ಹಾಗಾಗಿ ಡ್ರೈವರ್ ಕಡೆಯ ಭಾಗಕ್ಕೆ ಆದ್ಯತೆ. ಇಂಜಿನ್ನಿಗೂ ಫೈರ್‌ವಾಲಿಗೂ ಕನಿಷ್ಠ 25 ಎಂಎಂ ಬಿಡಿ, ಈ ಡೀಸೆಲ್ಲುಗಳು ಸ್ಟಾರ್ಟ್ ಆಗುವಾಗ ಆಫ್ ಆಗುವಾಗ ಮೈ ಕೊಡವತ್ತೆ. ಗೇರ್‌ಬಾಕ್ಸ್ ಮೇಲಿನ ಸುರಂಗ ಬೋಲ್ಟಲ್ಲಿ ಬಿಚ್ಚೋ ಥರ ಮಾಡಿದ್ರೆ ಮುಂದೆ ಕ್ಲಚ್ ಕೆಲಸಕ್ಕೆ ನೀವೇ ನಿಮಗೆ ಥ್ಯಾಂಕ್ಸ್ ಹೇಳ್ಕೋತೀರ.

ಸ್ಟೇರಿಂಗ್‌ಗೆ ಹಳೆ ಕಾಲಮ್ ಖಂಡಿತ ಬೇಡ, ಅದು ಒಂದೇ ಉದ್ದ ಕಬ್ಬಿಣದ ಸರಳು, ಮುಂದೆ ಗುದ್ದಿದ್ರೆ ನೇರ ಎದೆಗೆ ಬರತ್ತೆ. ಡೋನರಿನ ಕುಸಿಯೋ ಕಾಲಮ್ಮೇ ಹಾಕಿ, ಹಳೆ ದೊಡ್ಡ ಚಕ್ರ ಬೇಕಿದ್ರೆ ಹಬ್ ಅಡಾಪ್ಟರ್ ಮಾಡಿಸಿ ಮೇಲೆ ಕೂರಿಸಿ. ಕಾಲಮ್ಮಿಂದ ಸ್ಟೇರಿಂಗ್ ಬಾಕ್ಸಿಗೆ ಎರಡು ಕ್ರಾಸ್ ಸಾಕಾದ್ರೆ ಒಳ್ಳೇದು, ಒಂದೊಂದರ ಕೋನ 30 ಡಿಗ್ರಿ ಒಳಗಿರ್ಲಿ, ಎರಡೂ ಕ್ರಾಸಿನ ಫೋರ್ಕ್ ಒಂದೇ ಸಾಲಲ್ಲಿರ್ಲಿ. ಮೂರನೇ ಕ್ರಾಸ್ ಬೇಕಾದ್ರೆ ನಡುವೆ ಚಾಸಿಗೆ ಬಿಗಿದ ಸಪೋರ್ಟ್ ಬೇರಿಂಗ್ ಕಡ್ಡಾಯ, ಅದಿಲ್ಲದೆ ಶಾಫ್ಟು ಹಗ್ಗದಾಟ ಆಡತ್ತೆ. ಶಾಫ್ಟ್ ವೆಲ್ಡ್ ಮಾಡೋ ಬದಲು ಎರಡು ಕಡೆ ಚಪ್ಪಟೆ ಇರೋ ಡಬಲ್ ಡಿ ಶಾಫ್ಟ್ ತಗೊಂಡು ಸ್ಕ್ರೂ, ಲಾಕ್ ನಟ್ ಹಾಕಿ.

ಬ್ರೇಕಿಗೆ ಒಂದು ವಿಷಯ ಗೊತ್ತಿರ್ಬೇಕು, ಡೀಸೆಲ್ ಇಂಜಿನ್ನಲ್ಲಿ ಪೆಟ್ರೋಲಿನ ಹಾಗೆ ಇನ್‌ಟೇಕಲ್ಲಿ ವ್ಯಾಕ್ಯೂಮ್ ಹುಟ್ಟಲ್ಲ. ಹಾಗಾಗಿ ಒಂದೋ ವ್ಯಾಕ್ಯೂಮ್ ಪಂಪ್ ಇರತ್ತೆ, ಇಲ್ಲಾ ಪವರ್ ಸ್ಟೇರಿಂಗ್ ಪಂಪಿಂದ ನಡೆಯೋ ಹೈಡ್ರೋಬೂಸ್ಟ್. ಡೋನರಲ್ಲಿ ಏನಿದ್ಯೋ ಅದನ್ನೇ ಉಳಿಸಿ. ಕಿರಿದಾದ ಇಂಜಿನ್ ಜಾಗಕ್ಕೆ ಹೈಡ್ರೋಬೂಸ್ಟ್ ಅನುಕೂಲ, ದೊಡ್ಡ ಡಬ್ಬಿ ಇರಲ್ಲ. ಬೂಸ್ಟರ್ ಕೂರೋ ಜಾಗದ ತಗಡಿನ ಹಿಂದೆ ದಪ್ಪ ಪ್ಲೇಟ್ ಹಾಕಿ, ಇನ್ನೊಬ್ಬರಿಗೆ ಪೆಡಲ್ ಜೋರಾಗಿ ಒತ್ತೋಕೆ ಹೇಳಿ ನೀವು ಹೊರಗಿಂದ ನೋಡಿ, ಫೈರ್‌ವಾಲ್ ಬಾಗ್ತಿದ್ರೆ ಪ್ಲೇಟ್ ಸಾಲ್ತಿಲ್ಲ.

ಕೂಲಿಂಗ್‌ನಲ್ಲಿ ಜಾಸ್ತಿ ಜನ ಸಿಕ್ಕಿಹಾಕ್ಕೊಳೋದು ಗ್ರಿಲ್ಲಿನ ಅಗಲದಲ್ಲಿ. ಡೋನರಿನ ರೇಡಿಯೇಟರು, ಟರ್ಬೋ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರು ಎರಡೂ ಅಗಲ, ಹಳೆ ಗ್ರಿಲ್ಲು ಕಿರಿದು ಎತ್ತರ. ಕಿರಿದು ಮಾಡ್ಲೇಬೇಕಾದ್ರೆ ಎತ್ತರ, ದಪ್ಪ ಜಾಸ್ತಿ ಇರೋ ರೇಡಿಯೇಟರ್ ಮಾಡಿಸಿ, ಮುಂದೆ ಇಂಟರ್‌ಕೂಲರ್, ಹಿಂದೆ ರೇಡಿಯೇಟರ್, ಸುತ್ತ ರಬ್ಬರ್ ಪಟ್ಟಿ ಹಾಕಿ ಗ್ರಿಲ್ಲಿಂದ ಬಂದ ಗಾಳಿ ಪಕ್ಕಕ್ಕೆ ತಪ್ಪಿಸ್ಕೊಂಡು ಹೋಗದ ಹಾಗೆ ಮುಚ್ಚಿ. ಫ್ಯಾನಿನ ರೆಕ್ಕೆ ಅರ್ಧ ಶ್ರೌಡ್ (ಫ್ಯಾನ್ ಸುತ್ತಿನ ಕವಚ) ಒಳಗಿರ್ಬೇಕು. ಎಕ್ಸಾಸ್ಟ್ ಬಿಸಿ ತೋರ್ಸೋ ಪೈರೋಮೀಟರ್ ಒಂದು ಹಾಕ್ಕೊಳಿ, ಲೋಡಲ್ಲಿ ಏರು ಹತ್ತುವಾಗ 675 ಡಿಗ್ರಿ ಸೆಲ್ಸಿಯಸ್ ಹತ್ರ ಬರ್ತಿದ್ರೆ ಕಾಲು ತೆಗೀರಿ.

ಎಲೆಕ್ಟ್ರಿಕಲ್‌ನಲ್ಲಿ ಎಂ37 ಥರದವು 24 ವೋಲ್ಟು, ಡೋನರು 12. ಎಲ್ಲಾ 12ಕ್ಕೇ ತನ್ನಿ, ಹಳೆ ದೀಪಗಳ ಡಬ್ಬಿ ಉಳಿಸಿ ಒಳಗೆ 12 ವೋಲ್ಟ್ ಬಲ್ಬ್ ಹಾಕಿ. ಹಳೆ ಗೇಜು ಹಳೆ ಸೆಂಡರಿಗೆ (ಅಳತೆ ಕಳಿಸೋ ಸೆನ್ಸರಿಗೆ) ಮಾತ್ರ ಸರಿಯಾಗಿ ತೋರ್ಸತ್ತೆ, ಕಾಮನ್ ರೈಲ್ ಗಾಡೀಲಿ ಡೋನರಿನ ಮೀಟರ್ ಕ್ಲಸ್ಟರ್, ಕೀ, ಇಮ್ಮೊಬಿಲೈಸರ್ ಎಲ್ಲಾ ಒಂದಕ್ಕೊಂದು ಮಾತಾಡ್ತಿರತ್ತೆ, ಕ್ಲಸ್ಟರ್ ಕಿತ್ರೆ ಗಾಡಿ ಸ್ಟಾರ್ಟೇ ಆಗದೆ ಇರ್ಬಹುದು, ಅದನ್ನ ಗ್ಲೋವ್ ಬಾಕ್ಸ್ ಹಿಂದೆ ಆದ್ರೂ ಉಳಿಸಿ. ಚಾಸಿಗೆ ವೆಲ್ಡ್ ಮಾಡುವಾಗ ಪ್ರತಿ ಸಲ ಬ್ಯಾಟರಿ, ಇಸಿಯು (ಇಂಜಿನ್ ಕಂಪ್ಯೂಟರ್) ಕನೆಕ್ಟರ್ ತೆಗೀರಿ, ಅರ್ಥ್ ಕ್ಲ್ಯಾಂಪ್ ವೆಲ್ಡಿನ ಪಕ್ಕದಲ್ಲೇ ಹಾಕಿ, ಕರೆಂಟು ಬೇರಿಂಗ್ ದಾಟಿ ಹೋಗ್ಬಾರ್ದು. ಬಾಡಿ ರಬ್ಬರ್ ಮೇಲೆ ಕೂತಿರೋದ್ರಿಂದ ಇಂಜಿನ್, ಚಾಸಿ, ಕ್ಯಾಬಿನ್ ಮೂರಕ್ಕೂ ದಪ್ಪ ಅರ್ಥ್ ಪಟ್ಟಿ ಎಳೀರಿ, ಲೈಟು ಮಿಣುಕ್ತಿದೆ ಗೇಜು ಕುಣೀತಿದೆ ಅಂದ್ರೆ ಮೊದಲು ನೋಡ್ಬೇಕಾದ್ದು ಇದನ್ನೇ. ಮೆಕ್ಯಾನಿಕಲ್ ಪಂಪಿನ ಇಂಜಿನ್ನಾದ್ರೆ ಸಾಲಿನಾಯ್ಡ್ ಜೊತೆಗೆ ಕೈಯಲ್ಲಿ ಎಳೆದು ಆಫ್ ಮಾಡೋ ಕೇಬಲ್ ಒಂದು ಇರ್ಲಿ.

ಟಯರಿಗೆ 255/100 ಆರ್16 ಸೈಜು ಹಳೆ 9.00-16ರ ಎತ್ತರ ಸಣಕಲು ರೂಪಕ್ಕೆ ಹತ್ರ ಬರತ್ತೆ, ರೇಡಿಯಲ್ ಆಗಿರೋದ್ರಿಂದ ಓಡೋದೂ ನೇರ. ಎತ್ತರ ಸುಮಾರು 36 ಇಂಚು, ಡೋನರಿನ 265/75 ಆರ್16 ಸುಮಾರು 31.6 ಇಂಚು, ಅಂದ್ರೆ ಸ್ಪೀಡೋಮೀಟರ್ 100 ತೋರ್ಸುವಾಗ ನೀವು 114ರಲ್ಲಿ ಹೋಗ್ತಿರ್ತೀರ, ಸರಿ ಮಾಡಿಸ್ಲೇಬೇಕು. 2003ರ ನಂತರದ ಚಾಸಿಯ ಬ್ರೇಕ್ ದೊಡ್ಡದು, 16 ಇಂಚಿನ ರಿಮ್ ಹಿಡಿಸಲ್ಲ, 17 ಬೇಕು. ಸೀಟ್ ಬೆಲ್ಟ್ ಮರೀಬೇಡಿ, ಕ್ಯಾನ್ವಾಸ್ ಟಾಪಿನ ಕ್ಯಾಬಿನ್ನಲ್ಲಿ ಹೆಗಲ ಬೆಲ್ಟಿಗೆ ಕಂಬ ಇರಲ್ಲ, ಕ್ಯಾಬಿನ್ ಕೆಳಗೆ ಮಾಡಿದ್ರಲ್ಲ ಚೌಕ ಟ್ಯೂಬಿನ ಫ್ರೇಮ್, ಅದಕ್ಕೇ ರೋಲ್ ಹೂಪ್ ಬಿಗಿದು ಬೆಲ್ಟ್ ಅಲ್ಲಿಂದ ಬರ್ಲಿ.

ಪೇಂಟ್ ಮಾಡೋ ಮುಂಚೆನೇ ಓಡ್ಸಿ, ಬರೀ ಪ್ರೈಮರಲ್ಲಿ. ಮೊದಲು ಖಾಲಿ ಜಾಗದಲ್ಲಿ ನಿಧಾನಕ್ಕೆ, ಬ್ರೇಕ್ ಎಳೆತ ನೋಡಿ, ಸ್ಟೇರಿಂಗ್ ಕೊನೆ ತನಕ ತಿರುಗಿಸಿ ಟಯರ್ ಎಲ್ಲೂ ತಾಗ್ತಿಲ್ಲ ಅಂತ ನೋಡಿ, ಒಂದು ಚಕ್ರ ದಿಬ್ಬದ ಮೇಲೆ ಹತ್ತಿಸಿ ಮತ್ತೆ ತಿರುಗಿಸಿ ನೋಡಿ. ತೂಕದ ಸೇತುವೆಗೆ ತಗೊಂಡು ಹೋಗಿ ಮುಂದಿನ ಆಕ್ಸಲ್ ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ, ಹಿಂದೆ ಹಗುರಾಗಿದ್ರೆ ಪಟ್ಟಾ ಒಂದೆರಡು ಎಲೆ ತೆಗೀಬೇಕಾಗತ್ತೆ, ಹಿಂದಿನ ಬ್ರೇಕು ಬೇಗ ಲಾಕ್ ಆಗ್ತಿದ್ರೆ ಹಿಂದಿನ ಬ್ರೇಕಿನ ಒತ್ತಡ ಕಮ್ಮಿ ಮಾಡೋ ಪ್ರಪೋರ್ಷನಿಂಗ್ ವಾಲ್ವ್ ಹೊಂದಿಸ್ಬೇಕು. ವೀಲ್ ಅಲೈನ್‌ಮೆಂಟ್ ಆದ್ಮೇಲೆ ಕೆಲವು ನೂರು ಕಿಲೋಮೀಟರ್ ಓಡ್ಸಿ ವಾಪಸ್ ಬಂದು ಎಲ್ಲಾ ಬಾಡಿ ಬೋಲ್ಟು, ಹ್ಯಾಂಗರ್ ಬೋಲ್ಟು, ಸ್ಟೇರಿಂಗ್ ಕ್ರಾಸ್ ಸ್ಕ್ರೂ ಟಾರ್ಕ್ ರೆಂಚಲ್ಲಿ ಮತ್ತೆ ನೋಡಿ, ಬೆಸುಗೆಗಳ ಮೇಲೆ ಡೈ ಪೆನಿಟ್ರೆಂಟ್ ಹಾಕಿ ಕೂದಲೆಳೆ ಬಿರುಕು ಇದೆಯಾ ಪರೀಕ್ಷೆ ಮಾಡಿ. ಇಷ್ಟೆಲ್ಲ ಸರಿ ಬಂದ್ರೆ ಬಾಡಿ ಮತ್ತೆ ಎತ್ತಿ ಪಕ್ಕಕ್ಕಿಡಿ, ಚಾಸಿ, ಬಾಡಿ ಎರಡಕ್ಕೂ ಬೇರೆ ಬೇರೆ ಪೇಂಟ್ ಮಾಡಿ, ಮೌಂಟ್ ಬುಡಕ್ಕೆ, ನೆಲದ ಕೆಳಗೆ, ಟ್ಯೂಬ್ ಫ್ರೇಮ್ ಒಳಗೆ ವ್ಯಾಕ್ಸ್ ಹೊಡೆದು ಆಮೇಲೆ ಕೊನೇ ಸಲ ಕೂರಿಸಿ. ಮೇಲಿನ ಆಲಿವ್ ಹಸಿರಿಗೆ ಹೊಳಪಿಲ್ಲದ ಪೇಂಟೇ ಇರ್ಲಿ, ಈ ತಗಡಿನ ಮಡಿಕೆ ಗೆರೆಗಳು ಎದ್ದು ಕಾಣೋದು ಅದರಲ್ಲೇ.